ಖಾಲಿ ಸೀಟಿಗೂ ಬೆಲ್ಟು

ವಿದರ್ಭ
೯ ಜೂನ್ ೨೦೨೫

ಕುಬಿಹಾಳದ ಚಿಗವ್ವನಿಗೆ ದುರ್ಗಾಳ ನಮಸ್ಕಾರ.

ಸುಖವಾಗಿ ಬಂದು ಮುಟ್ಟಿದೆ. ಹೊಟ್ಟೆ ತುಂಬ ಊಟ ಸಿಗುತ್ತದೆ, ನೆಗಡಿ ಜ್ವರ ಏನೂ ಇಲ್ಲ. ನೀನು ಮೊದಲು ಕೇಳುವುದು ಇವೆರಡೇ ಆದ್ದರಿಂದ ಮೊದಲೇ ಬರೆದು ಮುಗಿಸಿದೆ. ಫೋನು ಮಾಡಿದರೆ ನಿನಗೆ ಕಿವಿ ಕೇಳುವುದಿಲ್ಲ. ಪಕ್ಕದ ಮನೆಯ ಈರೇಶನ ಮೊಬೈಲಿಗೆ ಬರೆದು ಕಳಿಸಿದರೆ ಅವನು ಅರ್ಧ ಓದಿ, ಉಳಿದರ್ಧ ತಾನೇ ಸೇರಿಸಿ ನಿನಗೆ ಸನ್ನೆ ಮಾಡುತ್ತಾನೆ. ಹೋದ ಸಲ ನಾನು ಪರೀಕ್ಷೆ ಪಾಸಾದೆ ಎಂದದ್ದಕ್ಕೆ ನೀನು ನನ್ನ ಕಾಲು ಮುರಿಯಿತೆಂದು ಅತ್ತದ್ದು ನೆನಪಿದೆಯಲ್ಲ? ಅದಕ್ಕೇ ಇನ್ನು ಮೇಲೆ ಕಾಗದ.

ಇಲ್ಲಿಯ ಪೈಲಟ್ ಶಾಲೆಯಲ್ಲಿ ನನಗೆ ವಿಮಾನ ಹಾರಿಸಲು ಕಲಿಸುವವರು ಜ್ಯೋತ್ಸ್ನಾ ಮೇಡಂ. ಧಾರವಾಡದ ಮಾಳಮಡ್ಡಿಯವರು. ನಾನು ಕುಂದಗೋಳದ ಕಡೆಯವಳೆಂದು ಗೊತ್ತಾದ ಕೂಡಲೇ ಹಿಂದಿ ಬಿಟ್ಟು ನಮ್ಮ ಭಾಷೆಗೆ ಬಂದರು. ಬಂದದ್ದು ಬೈಯಲಿಕ್ಕೆ ಅನುಕೂಲವಾಗಲಿ ಎಂದು. ನಾನು ಎಂಜಿನ್ನು, ರೆಕ್ಕೆ ಎಲ್ಲ ಕಲಿಸುತ್ತಾರೆಂದು ಕಾಯುತ್ತಿದ್ದೆ. ಅವರು ಮೊದಲ ದಿನವೆಲ್ಲ ಬರೀ ಕೂಡುವುದನ್ನು ಕಲಿಸಿದರು.

"ಕೂಡ್ಲಿಕ್ಕೆ ಬರ್ಲಾರದವರಿಗೆ ಹಾರಸ್ಲಿಕ್ಕೆ ಎಲ್ಲಿಂದ ಬರಬೇಕವಾ?" ಎಂದರು.

ವಿಮಾನದ ಕುರ್ಚಿ ಎರಡು ಕಂಬಿಗಳ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಬೇಕಾದಲ್ಲಿ ನಿಲ್ಲಿಸಿದರೆ ಕೆಳಗಿನ ಮೊಳೆಯೊಂದು ಕಂಬಿಯ ತೂತಿನಲ್ಲಿ ಕೂತು ಬಿಗಿಯುತ್ತದೆ. ಕೂತಿತೆಂದು ನಂಬಬಾರದು, ಕುರ್ಚಿಯನ್ನು ಮೈಯಿಂದಲೇ ಜಗ್ಗಾಡಿ ನೋಡಬೇಕು. ಮೊಳೆ ಸರಿಯಾಗಿ ಕೂಡದಿದ್ದರೆ ವಿಮಾನ ಏಳುವಾಗ ಕುರ್ಚಿ ಹಿಂದಕ್ಕೆ ಜಾರುತ್ತದೆ. ಜಾರುವವನು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ, ಕೈಗೆ ಸಿಗುವುದು ವಿಮಾನದ ಹಿಡಿಕೆ. ಹಿಡಿಕೆ ಜಗ್ಗಿದರೆ ಮೂತಿ ಆಕಾಶಕ್ಕೆ ಏಳುತ್ತದೆ, ಆಮೇಲೆ ಧೊಪ್ಪೆಂದು ನೆಲಕ್ಕೆ.

ಇನ್ನು ಬೆಲ್ಟು. ನಡುವಿಗೆ ಎರಡು ಕಡೆಯಿಂದ, ಹೆಗಲಿಗೆ ಎರಡು ಕಡೆಯಿಂದ, ನಾಲ್ಕೂ ಬಂದು ಹೊಟ್ಟೆಯ ಮುಂದಿನ ಒಂದೇ ಬಕಲ್‌ಗೆ ಸೇರುತ್ತವೆ. ಬಕಲ್ ಒಂದು ತಿರುವು ತಿರುವಿದರೆ ನಾಲ್ಕೂ ಒಟ್ಟಿಗೆ ಬಿಡುತ್ತವೆ, ಬೆಂಕಿ ಹತ್ತಿದರೆ ಒಂದೊಂದೇ ಬಿಚ್ಚುತ್ತ ಕೂಡಲಿಕ್ಕೆ ಆಗುತ್ತದೆಯೇ? ನಡುವಿನ ಬೆಲ್ಟು ಹೊಟ್ಟೆಯ ಮೇಲೆ ಬರಬಾರದು, ಕೆಳಗೆ ಸೊಂಟದ ಎಲುಬಿನ ಮೇಲೆ ಇರಬೇಕು. ಪೆಟ್ಟು ಎಲುಬು ತಡೆಯುತ್ತದೆ, ಹೊಟ್ಟೆ ತಡೆಯುವುದಿಲ್ಲ. ದೊಡ್ಡ ವಿಮಾನಗಳಲ್ಲಿ ಐದನೆಯದೊಂದು ಪಟ್ಟಿ ತೊಡೆಗಳ ನಡುವಿನಿಂದ ಮೇಲೆ ಬಂದು, ನಡುವಿನ ಬೆಲ್ಟು ಹೊಟ್ಟೆಗೆ ಏರದಂತೆ ಕೆಳಕ್ಕೆ ಹಿಡಿದಿರುತ್ತದಂತೆ. ಹೆಗಲ ಪಟ್ಟಿಗಳು ಬೆನ್ನ ಹಿಂದೆ ಒಂದು ರೀಲಿಗೆ ಸುತ್ತಿಕೊಂಡಿವೆ. ಮೆಲ್ಲಗೆ ಮುಂದೆ ಬಾಗಿದರೆ ರೀಲು ಬಿಟ್ಟುಕೊಡುತ್ತದೆ. ಝಟ್ಟನೆ ಜಗ್ಗಿದರೆ ಹಲ್ಲು ಕಚ್ಚಿ ಹಿಡಿಯುತ್ತದೆ. ನಿನ್ನ ಸ್ವಭಾವವೇ, ಚಿಗವ್ವ.

ಈಗ ನನ್ನ ಸಂಕಟ ಕೇಳು. ನಾನು ಗಿಡ್ಡಿ. ಕುರ್ಚಿ ಎತ್ತರಿಸಿದರೆ, ವಿಮಾನದ ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಪೆಡಲಿಗೆ ಕಾಲು ಪೂರ್ತಿ ಮುಟ್ಟುವುದಿಲ್ಲ. ಇಳಿಸಿದರೆ ಕಾಲು ಮುಟ್ಟುತ್ತದೆ, ಆದರೆ ವಿಮಾನದ ಮೂತಿಯ ಆಚೆ ಏನೂ ಕಾಣುವುದಿಲ್ಲ. ಕುರ್ಚಿಯನ್ನು ಮುಂದಿನ ಕೊನೆಯ ತೂತಿಗೆ ತಂದರೂ ಇದೇ ಹಣೆಬರಹ. ಬೆನ್ನ ಹಿಂದೆ ಮತ್ತು ಕೆಳಗೆ ಒಂದೊಂದು ಗಾದಿ ಇದ್ದರೆ ಸರಿಹೋದೀತು. ಶಾಲೆಯಲ್ಲಿರುವ ಗಾದಿ ನನಗೆ ಸಾಲದು.

"ಪೆಡಲ್ ಪೂರ್ತಿ ತುಳೀಲಿಕ್ಕೆ ಬರ್ಲಿಲ್ಲಾಂದ್ರ ನಿನ್ನ ಒಬ್ಬಾಕಿನ್ನ ಮ್ಯಾಲೆ ಕಳಸೂದಿಲ್ಲ ನೋಡು" ಎಂದು ಮೇಡಂ ಹೇಳಿಬಿಟ್ಟಿದ್ದಾರೆ. ಒಬ್ಬಳೇ ಹಾರದಿದ್ದರೆ ಪೈಲಟ್ ಆಗುವ ಮಾತೇ ಇಲ್ಲ. ಊರಿಗೆ ಬಂದು ಗುಡದಪ್ಪ ಕಾಕಾನ ಟ್ರ್ಯಾಕ್ಟರ್ ಹೊಡೆಯಬೇಕು, ಅದಕ್ಕೂ ಕಾಲು ಮುಟ್ಟುವುದು ಅನುಮಾನ.

ನಿನ್ನ
ದುರ್ಗಾ

*

ಕುಬಿಹಾಳ
೨೨ ಜೂನ್ ೨೦೨೫

ಮಗಳು ದುರ್ಗಾಳಿಗೆ ಹನಮವ್ವನ ಆಶೀರ್ವಾದ.

ನಿನ್ನ ಕಾಗದ ಮೂರು ಸಲ ಓದಿದೆ. ಗಿಡ್ಡಿ ಎಂದು ಬರೆದಿದ್ದೀಯಲ್ಲ, ನಿನ್ನ ಹೆತ್ತವ್ವ, ಅಂದರೆ ನನ್ನ ಅಕ್ಕ, ನಿನಗಿಂತ ಗಿಡ್ಡಿಯಾಗಿದ್ದಳು. ಆದರೂ ಅಟ್ಟದ ಮೇಲಿನ ಬೆಲ್ಲ ಅವಳ ಕೈಗೆ ಸಿಗದೆ ಹೋದದ್ದಿಲ್ಲ. ಅವಳು ನಿನ್ನನ್ನು ಎರಡು ವರ್ಷದವಳನ್ನು ನನ್ನ ಮಡಿಲಿಗೆ ಹಾಕಿ ಹೋದಾಗ ಇದು ಬೆಳೆಯುತ್ತದೋ ಇಲ್ಲವೋ ಎಂದು ಊರೇ ಅನುಮಾನ ಪಟ್ಟಿತ್ತು. ಬೆಳೆದಷ್ಟು ಸಾಕು. ಉಳಿದದ್ದನ್ನು ನಾನು ಹೊಲಿದು ಕಳಿಸುತ್ತೇನೆ.

ಗಾದಿ ಸಿದ್ಧವಾಗಿದೆ. ಅಂಗಡಿಯ ಅರಳೆ ಬೇಡವೆಂದು ನಿನ್ನ ಕಾಕಾನನ್ನು ತಿರ್ಲಾಪುರಕ್ಕೆ ಅಟ್ಟಿ ಒಳ್ಳೆಯ ಹತ್ತಿ ತರಿಸಿದೆ. ನಮ್ಮ ಓಣಿಯ ಖಾಸಿಂಬಿ ಮತ್ತು ನಾನು ಎರಡು ದಿನ ಕೂತು ಹಿಂಜಿದೆವು. ಹಿಂಜಿದ ಅರಳೆ ಎಷ್ಟು ಮೆತ್ತಗಾಯಿತೆಂದರೆ ಬೆಕ್ಕು ಬಂದು ಅದರಲ್ಲೇ ಮರಿ ಹಾಕುವ ಯೋಚನೆ ಮಾಡಿತು. ಓಡಿಸಿದೆ.

ಮೇಲು ಬಟ್ಟೆ ಕೌದಿಯ ಹಾಗೆ ತುಂಡು ಜೋಡಿಸಿದ್ದೇನೆ. ನಿನ್ನ ಸಾಲಿಯ ನೀಲಿ ಲಂಗ, ನನ್ನ ಇಳಕಲ್ ಸೀರೆಯ ಸೆರಗು, ಖಾಸಿಂಬಿಯ ಹಸಿರು ಓಢಣಿ. ಗಾದಿಯ ಬಾಯಿ ಹೊಲಿದು ಮುಚ್ಚುವ ಮೊದಲು ರೂಢಿಯ ಪ್ರಕಾರ ಒಂದು ರೊಟ್ಟಿಯ ಚೂರು ಒಳಗಿಟ್ಟೆ. ನಮ್ಮ ಮನೆಯಲ್ಲಿ ಹೊಲಿದ ಕೌದಿ ಯಾವುದೂ ಹಸಿದುಕೊಂಡು ಹೊರಗೆ ಹೋಗಿಲ್ಲ. ಖಾಸಿಂಬಿ ಮಾತ್ರ ತಕರಾರು ತೆಗೆದಳು.

"ಇದು ಕೌದಿ ಅಲ್ಲ ಬೇ, ಗಾದಿ. ಗಾದಿಗೆಂಥಾ ಹಸಿವು?" ಎಂದಳು. ನನಗೆ ಕೇಳಲೆಂದು ಓಣಿಗೆಲ್ಲ ಕೇಳುವಂತೆ ಕೂಗಿದಳು.

"ವಿಮಾನದಾಗ ಅಷ್ಟು ಮ್ಯಾಲ ಹೋಗೂದೈತಿ, ದಾರ್‍ಯಾಗ ಹಸಿದ್ರ ಯಾರು ಕೊಡ್ತಾರ?" ಎಂದೆ ನಾನು.

ಬೆನ್ನಿಗೊಂದು, ಕೂಡಲಿಕ್ಕೊಂದು, ಎರಡನ್ನೂ ಈರೇಶ ಕುಂದಗೋಳಕ್ಕೆ ಹೋಗಿ ಅಂಚೆಗೆ ಹಾಕುತ್ತಾನೆ. ಕೂತು ನೋಡಿ ಬರೆ.

ನಿನ್ನ ಚಿಗವ್ವ
ಹನಮವ್ವ

*

ವಿದರ್ಭ
೧೪ ಜುಲೈ ೨೦೨೫

ಚಿಗವ್ವನಿಗೆ ನಮಸ್ಕಾರ.

ಗಾದಿ ಬಂದು ಮುಟ್ಟಿದವು. ಏನು ಬಣ್ಣ, ಏನು ಹೊಲಿಗೆ! ನನ್ನ ನೀಲಿ ಲಂಗದ ತುಂಡು ನೋಡಿ ಅಳು ಬಂತು. ಕೋಣೆಯ ಗೆಳತಿ ಭಾವನಾ ಹಸಿರು ತುಂಡಿನ ಮೇಲೆ ಕೆನ್ನೆ ಇಟ್ಟು ನೋಡಿದಳು. ಖಾಸಿಂಬಿಗೂ ನಮಸ್ಕಾರ ಹೇಳು. ಇಲ್ಲಿ ಮಳೆ ಜೋರು. ಉಳಿದದ್ದು ಆಮೇಲೆ ಬರೆಯುತ್ತೇನೆ.

ನಿನ್ನ
ದುರ್ಗಾ

*

ಕುಬಿಹಾಳ
೨೩ ಜುಲೈ ೨೦೨೫

ದುರ್ಗಾ,

ಬಣ್ಣ ಚೆನ್ನಾಗಿದೆ ಎಂದು ಬರೆದೆ. ಹೊಲಿಗೆ ಚೆನ್ನಾಗಿದೆ ಎಂದು ಬರೆದೆ. ಕೆನ್ನೆ ಇಟ್ಟವಳ ಹೆಸರು ಬರೆದೆ. ಕೂತೆ ಎಂದು ಎಲ್ಲಿಯೂ ಬರೆಯಲಿಲ್ಲ.

ನಾನು ಕಿವುಡಿ. ಮೂವತ್ತು ವರ್ಷದಿಂದ ಮಂದಿಯ ಮಾತು ಕೇಳಿಸದೆ ಮುಖ ನೋಡಿ ತಿಳಿದುಕೊಂಡವಳು. ನಿನ್ನ ಕಾಗದಕ್ಕೂ ಮುಖವಿದೆ. ಏನಾಯಿತು ಹೇಳು. ಕಾಲು ಮುಟ್ಟಲಿಲ್ಲವೋ? ಗಾದಿ ಸಣ್ಣದಾಯಿತೋ? ಉಳಿದವರು ನಕ್ಕರೋ? ನಕ್ಕವರ ಹೆಸರು ಬರೆ, ನಾನೇ ಒಂದು ಕಾಗದ ಹಾಕುತ್ತೇನೆ.

ಸಿಹಿಯಾದ ಸುಳ್ಳು ಬರೆದು ಕಳಿಸಬೇಡ. ನಿನ್ನನ್ನು ಒಬ್ಬಳನ್ನೇ ಮೇಲೆ ಬಿಡುತ್ತಾರೋ ಇಲ್ಲವೋ ಎಂದು ನನಗೆ ಇಲ್ಲಿ ಊಟ ಸೇರುತ್ತಿಲ್ಲ.

ಹನಮವ್ವ

*

ವಿದರ್ಭ
೨ ಆಗಸ್ಟ್ ೨೦೨೫

ನನ್ನ ಚಿಗವ್ವನಿಗೆ,

ನಿನ್ನ ಕೈಯಿಂದ ತಪ್ಪಿಸಿಕೊಳ್ಳುವುದು ಆಗದ ಮಾತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ಸಿಟ್ಟು ಮಾಡಬೇಡ.

ಗಾದಿ ಬಂದ ದಿನ ನಾನು ಕುಣಿಯುತ್ತ ಎತ್ತಿಕೊಂಡು ಹೋಗಿ ಕುರ್ಚಿಗೆ ಹಾಕಿದೆ. ಕೂತೆ. ಕಾಲು ಪೆಡಲಿನ ಕೊನೆಯವರೆಗೂ ಮುಟ್ಟಿತು, ಮೂತಿಯ ಆಚೆ ವಿಮಾನ ಓಡುವ ದಾರಿಯೆಲ್ಲ ಕಾಣಿಸಿತು. ಅಂಥ ಸಂತೋಷ ನನಗೆ ಇಲ್ಲಿಗೆ ಬಂದಮೇಲೆ ಆಗಿರಲಿಲ್ಲ. ಮೇಡಂ ಬಂದು ನೋಡಿದರು. ಬೆಲ್ಟು ಬಿಗಿದುಕೋ ಎಂದರು. ಮೊದಲು ನಡುವಿನದು, ಆಮೇಲೆ ಹೆಗಲಿನದು, ಅವರು ಕಲಿಸಿದ ಹಾಗೆಯೇ ಬಿಗಿದುಕೊಂಡೆ. ಆಗ ಅವರು ನನ್ನ ಎರಡೂ ಹೆಗಲ ಮೇಲೆ ಕೈಯಿಟ್ಟು ಜೋರಾಗಿ ಕೆಳಕ್ಕೆ ಒತ್ತಿದರು. ಅರಳೆ ತಗ್ಗಿತು, ನಾನೂ ತಗ್ಗಿದೆ. ಬಿಗಿದ ಬೆಲ್ಟಿನ ಒಳಗೆ ಅವರ ಇಡೀ ಅಂಗೈ ಸಲೀಸಾಗಿ ಹೋಯಿತು.

"ನೋಡಿದೇನು? ಬೆಲ್ಟು ನಿನ್ನ ಕಟ್ಟಿಲ್ಲ, ಅರಳಿ ಕಟ್ಟೇದ" ಎಂದರು. "ವಿಮಾನ ಜೋರಾಗಿ ನೆಲಕ್ಕ ಬಡೀತು ಅಂತ ತಿಳಿ. ಮೊದಲ ಈ ಅರಳಿ ಕುಸೀತದ, ನೀ ರಭಸಲೇ ಕೆಳಗ ಬರ್ತಿ. ಆಮ್ಯಾಲೆ ತಳದಾಗಿನ ಕಬ್ಬಿಣ ಬಂದು ನಿನ್ನ ಬೆನ್ನೆಲುಬಿಗೆ ಬಡೀತದ. ಕುರ್ಚಿ ಗಟ್ಟಿ ಇದ್ರ ಅದು ನಿನ್ನ ಮೊದಲಿಂದ ಹಿಡಕೊಂಡಿರ್ತದ. ಮೆತ್ತಗಿದ್ದದ್ದು ಕೂಡ್ಲಿಕ್ಕೆ ಛಲೋ, ಬೀಳ್ಲಿಕ್ಕೆ ಅಲ್ಲ." ಅರಳೆಗೆ ಬೆಂಕಿಯೂ ಬೇಗ ಹತ್ತುತ್ತದೆ, ಪರವಾನಗಿ ಇಲ್ಲದ ಯಾವುದನ್ನೂ ಕುರ್ಚಿಗೆ ಹಾಕುವಂತಿಲ್ಲ ಎಂದೂ ಹೇಳಿದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಹೇಗೋ ಬರೆಯುತ್ತಿದ್ದೆ. ಅಷ್ಟರಲ್ಲಿ ಕುರ್ಚಿಯ ಮೇಲೆ ಸಾಲಾಗಿ ಕೆಂಪಿರುವೆ ಕಾಣಿಸಿದವು. ಒಂದು ಮೇಡಂ ಅವರ ತೋಳನ್ನು ಕಡಿಯಿತು. ಅವರು ಗಾದಿಯನ್ನು ಹೊರಗೆ ತಂದು, ಬ್ಲೇಡು ತರಿಸಿ, ಹೊಲಿಗೆ ಬಿಚ್ಚಿದರು. ಒಳಗಿಂದ ರೊಟ್ಟಿಯ ಚೂರು ಬಂತು.

"ಏನವಾ ಇದು, ಬುತ್ತಿ ಕಟಗೊಂಡು ಬಂದೀ?"

"ರೊಟ್ಟಿ ರೀ ಮೇಡಂ."

"ರೊಟ್ಟಿ ಅನ್ನೂದು ನನಗೂ ಕಾಣಸ್ತದ. ಗಾದ್ಯಾಗ ಯಾಕ?"

"ಹಸಕೊಂಡಿರಬಾರದಂತ್ರೀ."

"ಯಾರು?"

"ಗಾದಿ ರೀ."

ಅವರು ನಗುತ್ತಾರೆಂದುಕೊಂಡೆ. ನಗಲಿಲ್ಲ. ರೊಟ್ಟಿಯ ಮೇಲಿನ ಇರುವೆಗಳನ್ನು ಊದಿ ಕೆಡವಿದರು. ಆಮೇಲೆ, "ಇಷ್ಟು ಜೀವಾ ಹಾಕಿ ಮಾಡ್ಯಾರ. ಆದ್ರ ಇದರ ಮ್ಯಾಲೆ ನಿನ್ನ ಕೂಡಸೂದಿಲ್ಲ ಅಂದ್ರ ಇಲ್ಲ. ನಿಮ್ಮ ಚಿಗವ್ವಗ ನೀ ಹೇಳ್ತಿಯೋ, ನಾ ಬರೀಲೋ?" ಎಂದರು. ನಾನೇ ಬರೆಯುತ್ತೇನೆಂದು ಹೇಳಿ, ಬಣ್ಣದ ಬಗ್ಗೆ ಬರೆದು ತಪ್ಪಿಸಿಕೊಂಡೆ.

ಬಿಗಿಯಾದ, ಬೆಂಕಿ ಹತ್ತದ ಫೋಮಿನ ಗಾದಿ ತರಿಸಲು ಮೇಡಂ ಕಚೇರಿಗೆ ಬರೆದಿದ್ದಾರೆ. ಅದು ಯಾವಾಗ ಬರುತ್ತದೋ ಗೊತ್ತಿಲ್ಲ. ಅದು ಬರುವವರೆಗೆ ನಾನು ಮೇಡಂ ಜೊತೆಗೆ ಮಾತ್ರ ಹಾರಬೇಕು. ಭಾವನಾ ಮೊನ್ನೆ ಒಬ್ಬಳೇ ಹಾರಿ ಬಂದಳು.

ನಿನಗೆ ನೋವಾಗಿದ್ದರೆ ನನ್ನನ್ನು ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ನಿನ್ನ
ದುರ್ಗಾ

*

ವಿದರ್ಭ
೨೯ ಆಗಸ್ಟ್ ೨೦೨೫

ಚಿಗವ್ವ, ನಿನ್ನ ಕಾಗದವಿಲ್ಲ. ಅಂಚೆಯವನು ಬಂದಾಗಲೆಲ್ಲ ಕೆಳಗೆ ಓಡುತ್ತಿದ್ದೇನೆ. ಹೊಸ ಗಾದಿಯೂ ಬಂದಿಲ್ಲ.

ದುರ್ಗಾ

*

ಕುಬಿಹಾಳ
೮ ಸೆಪ್ಟೆಂಬರ್ ೨೦೨೫

ಮಗಳಿಗೆ ಆಶೀರ್ವಾದ.

ಇಷ್ಟು ದಿನ ಬರೆಯಲಿಲ್ಲ, ಏಕೆಂದರೆ ಬರೆದಿದ್ದರೆ ಕಾಗದ ಸುಡುತ್ತಿತ್ತು. ನನ್ನ ಹೊಲಿಗೆಯನ್ನು ಈವರೆಗೆ ಯಾರೂ ಬ್ಲೇಡು ಹಚ್ಚಿ ಬಿಚ್ಚಿರಲಿಲ್ಲ. ಮಾಳಮಡ್ಡಿಯ ಹೆಂಗಸಿಗೆ ನಮ್ಮ ಹತ್ತಿ, ನಮ್ಮ ರೊಟ್ಟಿ ಸೇರಲಿಲ್ಲ ಎಂದು ಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ನಿನ್ನ ಕಾಕಾ ಎರಡು ದಿನ ಹೊಲದಲ್ಲೇ ಉಂಡ.

ಆಮೇಲೆ ಖಾಸಿಂಬಿ ಬಂದು ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು. "ಸಿಟ್ಟು ಯಾಕ ಬೇ? ಆಕಿ ಹೇಳಿದ್ದು ಖರೆಯೋ ಸುಳ್ಳೋ ನೋಡೇಬಿಡೂಣು ನಡಿ."

ನೋಡಿಯೇಬಿಟ್ಟೆವು. ಉಳಿದ ಅರಳೆಯಲ್ಲಿ ಅಂಥದೇ ಇನ್ನೊಂದು ಗಾದಿ ಹೊಲಿದೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕಬ್ಬಿಣದ ಕುರ್ಚಿ ಇಟ್ಟು, ಕುರ್ಚಿಯ ಕಾಲುಗಳನ್ನು ಟ್ರೇಲರಿಗೆ ಬಿಗಿಸಿ, ಮೇಲೆ ಗಾದಿ ಹಾಕಿ ನಾನು ಕೂತೆ. ಖಾಸಿಂಬಿ ಎತ್ತಿನ ಹಗ್ಗದಿಂದ ನನ್ನ ನಡುವನ್ನು ಕುರ್ಚಿಗೆ ಗಟ್ಟಿಯಾಗಿ ಕಟ್ಟಿದಳು. ಕೆಳಗೆ, ಸೊಂಟದ ಎಲುಬಿನ ಮೇಲೆ, ನೀನು ಬರೆದ ಹಾಗೆ. ನಿನ್ನ ಕಾಕಾನಿಗೆ ಹೊಲದ ಒಡ್ಡು ದಾಟಿಸು ಎಂದೆ. ಊರ ಮಂದಿಯೆಲ್ಲ ಬಂದು ನಿಂತು ನಕ್ಕರಂತೆ. ಕಿವಿ ಕೇಳದಿರುವುದರ ಲಾಭ ಇಂಥ ಹೊತ್ತಿನಲ್ಲಿ ತಿಳಿಯುತ್ತದೆ.

ಒಡ್ಡು ಏರುವಾಗ ಹಿತವಾಗಿತ್ತು. ಇಳಿಯುವಾಗ ಟ್ರೇಲರು ಧಡಲ್ ಎಂದಿತು ನೋಡು, ಗಾದಿ ಎಲ್ಲಿ ಹೋಯಿತೋ, ಕಬ್ಬಿಣ ನೇರವಾಗಿ ನನ್ನ ಬೆನ್ನಿನ ಬುಡಕ್ಕೆ ಬಡಿಯಿತು. ಕಣ್ಣಿಗೆ ಕತ್ತಲೆ ಬಂತು. ಅಷ್ಟು ಗಟ್ಟಿಯಾಗಿ ಕಟ್ಟಿದ ಹಗ್ಗ, ಒಳಗೆ ಖಾಸಿಂಬಿಯ ಮುಷ್ಟಿ ಹೋಗುವಷ್ಟು ಸಡಿಲಾಗಿತ್ತು. ಸಾಕು ಎಂದು ನಿನ್ನ ಕಾಕಾ ಕೈ ಮುಗಿದ. ನಾನು ಬಿಡಲಿಲ್ಲ. ಗಾದಿ ತೆಗೆದು, ಹಳೆಯ ಕೌದಿಯೊಂದನ್ನು ಬಿಗಿಯಾಗಿ ಮಡಚಿ ಹಾಕಿಕೊಂಡು ಅದೇ ಒಡ್ಡನ್ನು ಮತ್ತೆ ದಾಟಿಸಿದೆ. ಕೂಡುವಾಗ ಒತ್ತಿತು, ಆದರೆ ಇಳಿಯುವಾಗ ಆ ಪೆಟ್ಟು ಬೀಳಲಿಲ್ಲ. ಹಗ್ಗವೂ ಹಾಗೇ ಇತ್ತು.

ಅವತ್ತು ರಾತ್ರಿ ನಡುವಿಗೆ ಬಿಸಿ ಉಪ್ಪಿನ ಶಾಖ ಕೊಡುತ್ತ ಖಾಸಿಂಬಿ ನಗುತ್ತಿದ್ದಳು. ನನಗೆ ಮಾತ್ರ ಅಳು ಬಂತು, ದುರ್ಗಾ. ನೋವಿಗಲ್ಲ. ನಾನು ಹಿಂಜಿದ ಅರಳೆ ನಿನ್ನ ಬೆನ್ನು ಮುರಿಯುತ್ತಿತ್ತು. ಎಷ್ಟು ಮೆತ್ತಗೆ ಮಾಡಿದೆನೋ ಅಷ್ಟು ಕೇಡು ಮಾಡುತ್ತಿದ್ದೆ. ಆ ಹೆಂಗಸು ಒತ್ತಿ ನೋಡಿದಳು, ದೇವರು ಅವಳನ್ನು ಚೆನ್ನಾಗಿಡಲಿ. ಮುಲಾಜು ನೋಡಿ ಸುಮ್ಮನಿದ್ದಿದ್ದರೆ ಏನು ಗತಿ?

ನಿಮ್ಮ ಮೇಡಂ ಅವರ ತೋಳು ಕಡಿದ ಇರುವೆಗಳ ಪರವಾಗಿ ಕ್ಷಮೆ ಕೇಳಿದೆ ಎಂದು ಹೇಳು. ಹೊಸ ಗಾದಿ ಬೇಗ ಬರಲೆಂದು ಕಾಯುತ್ತಿದ್ದೇನೆ.

ನಿನ್ನ ಚಿಗವ್ವ
ಹನಮವ್ವ

*

ವಿದರ್ಭ
೨೪ ಅಕ್ಟೋಬರ್ ೨೦೨೫

ಚಿಗವ್ವ,

ಹಾರಿದೆ! ಒಬ್ಬಳೇ ಹಾರಿದೆ!

ಈಗ ಸಮಾಧಾನದಿಂದ ಬರೆಯುತ್ತೇನೆ. ಹೊಸ ಗಾದಿ ಹೋದ ತಿಂಗಳ ಕೊನೆಗೆ ಬಂತು. ಮೇಡಂ ಕಚೇರಿಗೆ ದಿನಾ ಹೋಗಿ ಕೂತು ಪೀಡಿಸಿ ತರಿಸಿದರಂತೆ. ಕಪ್ಪು ಬಣ್ಣ, ಹಲಗೆಯಷ್ಟು ಬಿಗಿ, ನೋಡಲು ಏನೇನೂ ಚೆನ್ನಾಗಿಲ್ಲ. ಅವರು ಹಾಗೆಯೇ ಹೆಗಲು ಒತ್ತಿ ನೋಡಿದರು. ಬೆಲ್ಟಿನೊಳಗೆ ಎರಡು ಬೆರಳು ಹೋಗುವುದೂ ಕಷ್ಟವಾಯಿತು. ಮೊದಲ ಸಲ ಅವರು ನಕ್ಕದ್ದನ್ನು ನೋಡಿದೆ.

ಸೋಮವಾರ ಬೆಳಿಗ್ಗೆ ಅವರೊಂದಿಗೆ ಎರಡು ಸುತ್ತು ಹಾರಿ ಇಳಿದೆವು. ವಿಮಾನ ನಿಲ್ಲಿಸು ಎಂದರು. ಏನೋ ತಪ್ಪು ಮಾಡಿದೆ ಎಂದುಕೊಂಡೆ. ಅವರು ತಮ್ಮ ಬೆಲ್ಟು ಬಿಚ್ಚಿಕೊಂಡು ಕೆಳಗಿಳಿದರು. ಇಳಿದವರು ಹೋಗಲಿಲ್ಲ. ಒಳಗೆ ಬಗ್ಗಿ, ತಾವು ಎದ್ದ ಖಾಲಿ ಕುರ್ಚಿಯ ಬೆಲ್ಟುಗಳನ್ನು ಒಂದೊಂದಾಗಿ ಎಳೆದು ಬಕಲ್‌ಗೆ ಹಾಕಿದರು. ನಡುವಿನದು, ಹೆಗಲಿನದು, ಎಲ್ಲವನ್ನೂ ಬಿಗಿದರು. ಅಲ್ಲಿ ಯಾರೋ ಕೂತಿದ್ದಾರೆ, ಅವರಿಗೆ ಏನೂ ಆಗಬಾರದು ಎನ್ನುವ ಹಾಗೆ.

"ಯಾರೂ ಇಲ್ಲಲ್ರೀ ಮೇಡಂ" ಎಂದೆ.

"ಸಡ್ಲ ಬಿಟ್ರ ಹಿಡಿಕಿಗೆ ಸಿಕ್ಕೊಂತಾವ. ಆಮ್ಯಾಲೆ ತಿರುವ್ಲಿಕ್ಕೆ ಆಗೂದಿಲ್ಲ" ಎಂದರು. ಬಕಲನ್ನು ಇನ್ನೊಮ್ಮೆ ಎಳೆದು ನೋಡಿದರು. "ಒಂದು ಸುತ್ತು. ಹೋಗಿ ಬಾ."

ಬಾಗಿಲು ಹಾಕಿಬಿಟ್ಟರು.

ಕುರ್ಚಿ ಜಗ್ಗಾಡಿ ನೋಡಿದೆ. ಮೊಳೆ ಕೂತಿತ್ತು. ಮೇಡಂ ಭಾರವಿಲ್ಲದ್ದರಿಂದ ವಿಮಾನ ನಾನೆಣಿಸಿದ್ದಕ್ಕಿಂತ ಮೊದಲೇ ನೆಲ ಬಿಟ್ಟಿತು. ಮೇಲೆ ಹೋದಮೇಲೆ ಬೈಯುವವರಿಲ್ಲದ ಆ ಮೌನ ಹೇಗಿತ್ತೆಂದು ನಿನಗೆ ಹೇಗೆ ಬರೆಯಲಿ? ಹಸಿರು ಹೊಲ, ಕೆರೆ, ರೈಲು ಹಳಿ. ಪಕ್ಕಕ್ಕೆ ನೋಡಿದರೆ ಬೆಲ್ಟು ಬಿಗಿದ ಖಾಲಿ ಕುರ್ಚಿ. ಹೆದರಿಕೆ ಆಗಲಿಲ್ಲ ಚಿಗವ್ವ, ನಿಜ ಹೇಳುತ್ತೇನೆ. ಎಷ್ಟು ಜನ ನನ್ನನ್ನು ಕಟ್ಟಿ, ಬಿಗಿದು, ಒತ್ತಿ ನೋಡಿ ಕಳಿಸಿದ್ದಾರೆ ಎನಿಸಿತು.

ಇಳಿಯುವಾಗ ಬದಿಯಿಂದ ಗಾಳಿ ಬಂದು ಮೂತಿಯನ್ನು ತಳ್ಳಿತು. ಬಲಗಾಲಿನ ಪೆಡಲನ್ನು ಕೊನೆಯವರೆಗೂ ತುಳಿದೆ. ಮುಟ್ಟಿತು. ಮೂತಿ ನೆಟ್ಟಗಾಯಿತು, ಚಕ್ರ ನೆಲಕ್ಕೆ ತಾಗಿತು.

ಇಲ್ಲಿಯ ಪದ್ಧತಿಯಂತೆ ಭಾವನಾ ಮತ್ತು ಉಳಿದವರು ಬಕೆಟ್ಟಿನಿಂದ ನನ್ನ ತಲೆಯ ಮೇಲೆ ನೀರು ಸುರಿದರು. ಆಮೇಲೆ ಭಾವನಾ ಒಂದು ಮಾತು ಹೇಳಿದಳು. ನಾನು ಮೇಲಿದ್ದಷ್ಟು ಹೊತ್ತೂ ಮೇಡಂ ನೆರಳಿಗೆ ಬರಲಿಲ್ಲವಂತೆ. ಹುಲ್ಲಿನ ಅಂಚಿನಲ್ಲಿ ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತೇ ಇದ್ದರಂತೆ. ನಾನು ಇಳಿದು ಬಂದಾಗ ಅವರು ಅಂದದ್ದು ಇಷ್ಟೇ: "ಇಳಿಯೂದು ಸ್ವಲ್ಪ ಸುಧಾರಸಬೇಕು."

ನಿನ್ನ
ದುರ್ಗಾ

*

ಕುಬಿಹಾಳ
೩ ನವೆಂಬರ್ ೨೦೨೫

ಜ್ಯೋತ್ಸ್ನಾ ಮೇಡಂ ಅವರಿಗೆ ಕುಬಿಹಾಳದ ಹನಮವ್ವ ಗುಡದಪ್ಪ ಮಾಡುವ ಶರಣು.

ನೀವು ನನ್ನನ್ನು ನೋಡಿಲ್ಲ, ನನ್ನ ಗಾದಿಯನ್ನು ನೋಡಿದ್ದೀರಿ. ಅದನ್ನು ಬಿಚ್ಚಿದ್ದಕ್ಕೆ ನಿಮಗೆ ಮೊದಲು ಬೈದೆ, ಈಗ ಕೈ ಮುಗಿಯುತ್ತೇನೆ. ಬೈದದ್ದು ನಿಮಗೆ ಮುಟ್ಟಿಲ್ಲ, ಆದ್ದರಿಂದ ಕೈ ಮುಗಿದದ್ದನ್ನಷ್ಟೇ ತೆಗೆದುಕೊಳ್ಳಿರಿ.

ಈ ಕಾಗದ ಬರೆಯಲು ಕಾರಣ ಬೇರೆಯೇ ಇದೆ. ನನಗೆ ಕಿವಿ ಕೇಳುವುದಿಲ್ಲ. ದುರ್ಗಾ ಕುಂದಗೋಳದ ಸಾಲಿಗೆ ಹೋಗುತ್ತಿದ್ದಾಗ ಸಂಜೆಯ ಬಸ್ಸು ಬಂದ ಸಪ್ಪಳ ನನಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಹೊತ್ತಿಗೆ ಮೊದಲೇ ಹೋಗಿ ರಸ್ತೆಗೆ ಮುಖ ಮಾಡಿ ನಿಲ್ಲುತ್ತಿದ್ದೆ. ಮಳೆ ಬಂದರೂ ನಿಂತೆ, ಬಸ್ಸು ಕೆಟ್ಟು ಬಾರದ ದಿನವೂ ನಿಂತೆ. ಬಂದು ಇಳಿದವಳಿಗೆ, ಚಪ್ಪಲಿ ಯಾಕೆ ಕೆಸರಾಯಿತು ಎಂದು ಬೈದು ಮನೆಗೆ ಕರೆದುಕೊಂಡು ಹೋಗುತ್ತಿದ್ದೆ. ನನ್ನ ಗಂಡ ಒಳ್ಳೆಯವನು, ಆದರೆ ನಿಲ್ಲುವುದು ಅವನಿಂದಾಗದು. ಕಾಯಲು ಹೇಳಿದರೆ ಕೂತಲ್ಲೇ ಗೊರಕೆ ಹೊಡೆಯುತ್ತಾನೆ.

ಈಗ ಅವಳು ನಾನು ನಿಂತರೂ ಕಾಣದಷ್ಟು ದೂರ ಹೋಗಿದ್ದಾಳೆ. ಇನ್ನೂ ದೂರ ಹೋಗುತ್ತಾಳೆ. ನನಗೂ ವಯಸ್ಸಾಯಿತು. ಅವಳಿಗಾಗಿ ದಾರಿ ನೋಡುತ್ತ ನಿಲ್ಲುವವಳು ಈ ಲೋಕದಲ್ಲಿ ನಾನೊಬ್ಬಳೇ, ನಾನು ಹೋದಮೇಲೆ ಯಾರೂ ಇಲ್ಲ ಎಂಬ ಚಿಂತೆ ನನ್ನನ್ನು ಒಳಗೇ ತಿನ್ನುತ್ತಿತ್ತು. ಇದನ್ನು ನಾನು ಅವಳಿಗೂ ಹೇಳಿಲ್ಲ, ಖಾಸಿಂಬಿಗೂ ಹೇಳಿಲ್ಲ.

ನೀವು ಬಿಸಿಲಿನಲ್ಲಿ ನಿಂತದ್ದನ್ನು ದುರ್ಗಾ ಬರೆದಿದ್ದಾಳೆ. ಅವಳು ಇಳಿದು ಬಂದಮೇಲೆ ಬೈದದ್ದನ್ನೂ ಬರೆದಿದ್ದಾಳೆ. ಅದನ್ನು ಓದಿದ ದಿನ ನನಗೆ ಬಹಳ ಒಳ್ಳೆಯ ನಿದ್ದೆ ಬಂತು.

ನಿಮ್ಮ ಉಪಕಾರ ಮರೆಯದ
ಹನಮವ್ವ